ಹರಗೋಲು ಮುಟ್ಟದೆ

ತಣ್ಣನೆಯದೇನೋ ಹೊಟ್ಟೆಗೆ ಸವರಿಕೊಂಡು ಹೋಯಿತು, ಮೀನಿರಬೇಕು, ಇಲ್ಲ ಪಾಚಿ, ಏನಾದರೂ ಇರಲಿ, ನೀಲಕ್ಕ ಕೈ ನಿಲ್ಲಿಸಬಾರದು, ಬಲಗೈ, ಎಡಗೈ, ಕಿವಿಯಲ್ಲಿ ನೀರು ಬುಳುಬುಳು ಅನ್ನುತ್ತದೆ, ಪಕ್ಕದ ಹರಗೋಲಿನಿಂದ ನಬೀಸಾಬ, ಅವಸರ ಮಾಡಬ್ಯಾಡ್ರಿ ನರ್ಸಬಾಯಾರ, ಕೆರಿ ಎಲ್ಲೂ ಓಡಿ ಹೋಗೂದಿಲ್ಲ – ಎಪ್ಪತ್ತೊಂದರ ಯುದ್ಧ ಕಂಡ ಫೌಜಿ, ಈಗ ಕೆರೆಯಲ್ಲಿ ಮೀನು ಹಿಡಿಯುವವನು, ಬೇಸಿಗೆಯುದ್ದಕ್ಕೂ ಅವಳ ಬೆನ್ನಿಗೆ ಖಾಲಿ ಎಣ್ಣೆಡಬ್ಬಿ ಕಟ್ಟಿ ಈಸು ಕಲಿಸಿದವನು, ಇವತ್ತು ಡಬ್ಬಿಯಿಲ್ಲ, ಕರಾರು ಒಂದೇ, ಹರಗೋಲು ಮುಟ್ಟದೆ ಆಚೆ ದಂಡೆ ಸೇರಬೇಕು, ಸೇರಿದರೆ ಊರ ಗೌಡರ ಮುಂದೆ ನಿಂತು ನಿಮ್ಮ ಪರ ಮಾತಾಡೂದು ನನ್ನ ಜವಾಬ್ದಾರಿ ಅಂದಿದ್ದಾನೆ, ಮುಟ್ಟಿದರೆ ಇಲ್ಲ. ಧೋತರ ತೊಡೆಗೆ ಬಿಗಿಯಾಗಿ ಅಂಟಿದೆ, ಅತ್ತೆ ಗೌರಕ್ಕ ಮೊದಲು ಎಷ್ಟು ಕೂಗಾಡಿದಳು, ಸರಕಾರಿ ನೌಕರಿ ಮಾಡಾಕಿ ಕಚ್ಚಿ ಹಾಕ್ಕೊಂಡು ನೀರಾಗ ಬೀಳ್ತಿಯಲ್ಲ, ಮಂದಿ ಏನಂದಾರು, ಆಮೇಲೆ ಒಂದು ಬೆಳಿಗ್ಗೆ ತಾನೇ ಟ್ರಂಕು ತೆರೆದು, ಸೀರಿ ಕಾಲಿಗೆ ಸುತ್ತಿಕೊಂತೈತಿ, ನಿಮ್ಮ ಮಾವನ ಧೋತರ ಉಟ್ಕೋ ಅಂದಳು, ಮುಖ ಮಾತ್ರ ಆಕಡೆ ತಿರುಗಿಸಿಕೊಂಡೇ.

ನಡುಗೆರೆ ಬಂತು, ಇಲ್ಲಿ ನೀರು ಕಪ್ಪು, ಕೆಳಗೆ ನೋಡಬಾರದು, ಹೋದ ವರ್ಷ ಬೆಣ್ಣಿಹಳ್ಳದ ನೀರು ಹೀಗಿರಲಿಲ್ಲ, ಎರೆಮಣ್ಣು ಕದಡಿ ಚಹಾದಂತೆ, ಮಧ್ಯಾಹ್ನಕ್ಕೆ ಸೆಳವು ಇಳಿದಿತ್ತು, ಹಗ್ಗ ಕಟ್ಟಿದ್ದರು, ಈಸು ಬಲ್ಲ ಇಬ್ಬರು ಅದನ್ನು ಹಿಡಿದು ದಾಟಿಯೂ ಹೋದರು, ಆಚೆ ವಸ್ತಿಯಲ್ಲಿ ಮರಿಯಮಬಿಗೆ ಬೆಳಗಿನಿಂದ ಬೇನೆ, ಅವಳ ಗಂಡ ಇಮಾಮುದ್ದೀನ ಆಚೆ ದಂಡೆಯಲ್ಲಿ ಟವೆಲ್ ಬೀಸುತ್ತಿದ್ದಾನೆ, ನೀಲಕ್ಕ ಹೆರಿಗೆ ಚೀಲ ಎದೆಗವಚಿ ನೀರಿಗೆ ಕಾಲಿಟ್ಟಳು, ಗೌಡರು, ಶಂಭುಲಿಂಗಪ್ಪ ಗೌಡರು, ಅಡ್ಡ ಬಂದರು – ಈಸ ಬರಲಾರದ ಹೆಣ್ಮಗಳನ್ನ ಇಳಿಸಿ, ನಾಳೆ ನಾ ಯಾರಿಗೆ ಜವಾಬು ಕೊಡ್ಲಿ, ಹಿಂದಕ್ಕ ಸರೀರಿ – ಅವರದೂ ತಪ್ಪಲ್ಲ, ಆದರೆ ಟವೆಲ್ ಬೀಸುತ್ತಲೇ ಇತ್ತು, ಬೀಸುತ್ತಲೇ ಇತ್ತು, ಸಂಜೆಗೆ ನಿಂತಿತು. ಕೂಸು ಅಳಲಿಲ್ಲವಂತೆ. ಈಗ ಮರಿಯಮಬಿ ಮತ್ತೆ ಬಸುರಿ, ಶ್ರಾವಣದಲ್ಲಿ ದಿನ ತುಂಬುತ್ತವೆ, ಮೃಗಶಿರಾ ಮಳೆ ಆಗಲೇ ಹನಿಯುತ್ತಿದೆ, ಹಳ್ಳಕ್ಕೆ ಮತ್ತೆ ನೀರು ಬಂದೇ ಬರುತ್ತದೆ, ಈ ಸಲ ದಂಡೆಯ ಮೇಲೆ ನಿಲ್ಲುವವಳು ನಾನಲ್ಲ, ನಿಲ್ಲುವುದಿಲ್ಲ, ಬಲಗೈ, ಎಡಗೈ – ಅಯ್ಯೋ, ಮೀನಖಂಡ ಹಿಡಿಯಿತು, ಕಾಲು ಕಲ್ಲಾಯಿತು, ಬಾಯಿಗೆ ನೀರು, ಮೂಗಿಗೆ ನೀರು, ನಬೀಸಾಬನ ಹುಟ್ಟು ಮುಖದೆದುರು ಬಂತು, ಹಿಡೀರಿ, ಹಿಡೀರಿ ಬಾಯಾರ, ಇದು ಹಟಾ ಮಾಡೂ ಹೊತ್ತಲ್ಲ, ಗೇಣು ದೂರದಲ್ಲಿ ಒದ್ದೆ ಕಟ್ಟಿಗೆ, ಹಿಡಿದರೆ ಮುಗಿಯಿತು, ಎಲ್ಲ ಮುಗಿಯಿತು, ತಡೀರಿ ಸಾಬರ, ಅಂದಳೋ ಅಂದುಕೊಂಡಳೋ, ಅಂಗಾತ ಹೊರಳಿದಳು, ಮೇಲೆ ಮೋಡ, ನೀರು ಎತ್ತಿ ಹಿಡಿದುಕೊಂಡಿತು, ಉಸಿರು ಬಿಡವ್ವಾ, ಹೆದರಬ್ಯಾಡ, ಇನ್ನೊಮ್ಮೆ ಬಿಡು, ಎಷ್ಟು ಬಾಣಂತಿಕೋಣೆಗಳಲ್ಲಿ ಎಷ್ಟು ಹೆಂಗಸರಿಗೆ ಹೇಳಿದ ಮಾತು, ಇವತ್ತು ತನಗೇ ಹೇಳಿಕೊಳ್ಳುತ್ತಾಳೆ, ಕಾಲಿನ ಹೆಬ್ಬೆರಳು ಹಿಡಿದು ಜಗ್ಗಿದಳು, ಬಿಡು, ಬಿಡು, ಸಡಿಲಾಯಿತು. ಹುಟ್ಟು ಹಿಂದಕ್ಕೆ ಸರಿಯಿತು.

ಆಮೇಲೆ ತೋಳು ತನ್ನದಲ್ಲ, ಭುಜ ತನ್ನದಲ್ಲ, ಆದರೂ ಹೊಡೆಯುತ್ತವೆ, ದಂಡೆಯ ಜೇಕುಹುಲ್ಲಿನ ವಾಸನೆ ಬಂತು, ಮೊಣಕಾಲಿಗೆ ಕೆಸರು ತಾಗಿತು, ನೆಲ, ನೆಲ, ಎದ್ದು ನಿಲ್ಲಲು ಹೋಗಿ ಕೂತಳು, ಮತ್ತೆ ಎದ್ದಳು, ಹಿಂದೆ ನಬೀಸಾಬ, ಇದನ್ನೇ ನೋಡಲು ಬಂದು ಚಕ್ಕಡಿ ಬಳಿ ನಿಂತ ಇಮಾಮುದ್ದೀನನಿಗೆ ಕೂಗಿ ಹೇಳುತ್ತಿದ್ದಾನೆ, ಮುಟ್ಟಲಿಲ್ಲಪಾ, ಹರಗೋಲು ಮುಟ್ಟಲೇ ಇಲ್ಲ, ಇವತ್ತ ಗೌಡರ ಮನಿಗೆ ಹೋಗೂಣು, ಹಳ್ಳದ ಸೆಳವು ಇಳದ ಕೂಡಲೇ ಇವರ ನಡುವಿಗೆ ಹಗ್ಗಾ ಕಟ್ಟಿ ದಾಟಸಾಂವ ನಾ. ಮರಿಯಮಬಿ ಚಕ್ಕಡಿಯಿಂದ ಇಳಿದು ನಿಧಾನವಾಗಿ ಬಂದಳು, ಅಕ್ಕಾ, ಎಷ್ಟ ನಡಗಾಕತ್ತೀರಿ, ಸೆರಗು ಹೊದಿಸಲು ಬಂದವಳ ಹೊಟ್ಟೆಯ ಮೇಲೆ ನೀಲಕ್ಕನ ಕೈ ಕೇಳದೆಯೇ ಹೋಗಿ ಕೂತಿತು, ರೂಢಿಯ ಕೈ, ಮೊಣಕೈಯಿಂದ ಕೆರೆಯ ನೀರು ತೊಟ್ಟಿಕ್ಕುತ್ತಿದೆ, ಬೆರಳು ಕೆಳಗಿಳಿದು ಒತ್ತಿ ನೋಡುತ್ತವೆ, ಅಲ್ಲೇ, ಅಂಗೈ ತುಂಬ, ಗುಂಡಗೆ, ಗಟ್ಟಿ, ತಲೆ, ತುಸು ಸರಿದು ಮತ್ತೆ ಅಂಗೈಯೊಳಗೇ ಬಂದು ನಿಂತ ತಲೆ, ಅಲ್ಲೇ –