ಮೂರನೆಯ ಕರೆ

ಬುಖಾರಾದ ಯೆಹೂದಿ ಕೇರಿಯಲ್ಲಿ ತನ್ನನ್ನು ತಾನೇ ಹೀಗಳೆದುಕೊಳ್ಳುವುದರಲ್ಲಿ ಕ್ಷೌರಿಕ ಹಿಜ್ಕಿಯಾನನ್ನು ಮೀರಿಸುವವರಿರಲಿಲ್ಲ. ಬೇರೆಯವರು ಬೈಯುವ ಮೊದಲೇ ಬೈದುಕೊಂಡುಬಿಟ್ಟರೆ ಅವರ ಶ್ರಮವಾದರೂ ಉಳಿಯಿತಲ್ಲ ಎಂಬುದು ಅವನ ಲೆಕ್ಕಾಚಾರ. ಅಪ್ಪ ಕೇರಿಯ ಪ್ರಾರ್ಥನಾಮಂದಿರದಲ್ಲಿ ಮುಂದೆ ನಿಂತು ಹಾಡಿದರೆ ಬೀದಿಯವರೆಗೆ ಕೇಳುತ್ತಿತ್ತು. ಮಗನ ದನಿಗೆ ಸೋಪಿನ ನೊರೆಯೂ ಅಲುಗದು.

ಅಪ್ಪನ ಪುಣ್ಯತಿಥಿಯ ಸಂಜೆ ಪ್ರಾರ್ಥನೆ ನಡೆಸಬೇಕಾದವನು ಮಗ. ಹಿಜ್ಕಿಯಾ ಮಾತ್ರ ಪ್ರತಿವರ್ಷ ಜಾರಿಕೊಳ್ಳುತ್ತಿದ್ದ. ಈ ಸಲ ಅಮ್ಮ ಪಲಾವಿನ ತಟ್ಟೆ ಮುಂದಿಟ್ಟು, "ಕಿವಿ ಮಂದ ಆಗ್ತಿದೆ ಕಣೋ. ಪೂರ್ತಿ ಹೋಗೋಕೆ ಮುಂಚೆ ಒಂದು ಸಲ ಅಪ್ಪನ ಜಾಗದಲ್ಲಿ ನಿನ್ನ ದನಿ ಕೇಳ್ಬೇಕು" ಎಂದಿದ್ದಳು. ವಾರವಿಡೀ ಅವನು ಗಿರಾಕಿಗಳ ಗಲ್ಲಕ್ಕೆ ಸೋಪು ಹಚ್ಚುತ್ತಲೇ ಅಭ್ಯಾಸ ಮಾಡಿದ. ಬಾಯಿಯ ಸುತ್ತ ನೊರೆ ಮೆತ್ತಿಸಿಕೊಂಡ ಪಾಪದವರು ಬೇಡವೆನ್ನುವ ಹಾಗೂ ಇರಲಿಲ್ಲ.

ಆದರೆ ಪದ್ಧತಿಯೊಂದಿದೆ. ಮುಂದೆ ಬಾ ಎಂದು ಕರೆದರೆ ಮೊದಲ ಸಲ ಒಲ್ಲೆ ಎನ್ನಬೇಕು, ಎರಡನೆಯ ಸಲ ಅನುಮಾನಿಸಬೇಕು, ಮೂರನೆಯ ಸಲ ಏಳಬೇಕು.

"ಹಿಜ್ಕಿಯಾ, ಬಾಪ್ಪಾ," ಎಂದು ಪುಣ್ಯತಿಥಿಯ ಸಂಜೆ ಮಂದಿರದಲ್ಲಿ ಕರೆದರು ಹಿರಿಯರಾದ ಬೋರುಖಜ್ಜ.

"ನಾನಾ ಅಜ್ಜ? ನಾನು ಬಾಯಿ ತೆಗೆದ್ರೆ ದೇವರು ಕಿಟಕಿ ಹಾಕ್ಕೋತಾನೆ."

ಎಲ್ಲರೂ ನಕ್ಕರು. ನಕ್ಕದ್ದೇ ತಪ್ಪಾಯಿತು, ಅವನಿಗೆ ಹುರುಪೇರಿತು.

"ಇರ್ಲಿ ಬಾರಪ್ಪ."

"ತಲೆ ಬೋಳಿಸೋದಾದ್ರೆ ಈಗ್ಲೇ ಬರ್ತೀನಿ. ಪ್ರಾರ್ಥನೆ ಅಂದ್ರೆ... ನೋಡೋಣ ಅಜ್ಜ."

ಮತ್ತೆ ನಗು. ಹಿಜ್ಕಿಯಾ ಏಳಲು ಬೆಂಚಿನ ತುದಿಗೆ ಸರಿದ. ಬೋರುಖಜ್ಜ ನಿಟ್ಟುಸಿರಿಟ್ಟು, "ಇವನದು ಪ್ರತಿವರ್ಷದ ರಾಗ. ಯೂನಾತಾನ್, ನೀನೇ ಬಾ" ಎಂದು ಬೂಟು ಹೊಲಿಯುವ ಯೂನಾತಾನನನ್ನು ಕರೆದರು. ಆ ಪುಣ್ಯಾತ್ಮ ಪದ್ಧತಿ ಗಿದ್ಧತಿ ನೋಡದೆ ಎದ್ದೇಬಿಟ್ಟ.

ಭಲೇ ಮಗನೇ, ವಾರದ ಅಭ್ಯಾಸವನ್ನು ಎರಡು ತಮಾಷೆಗೆ ಮಾರಿಕೊಂಡೆಯಲ್ಲ ಎಂದು ಹಿಜ್ಕಿಯಾ ತನ್ನನ್ನೇ ಹಳಿದುಕೊಂಡ. ಹೆಂಗಸರು ಕೂರುವ ಪರದೆಯಾಚೆ ಅಮ್ಮ ಕಿವಿಗೆ ಕೈ ಅಡ್ಡ ಹಿಡಿದು ಕೂತಿರುತ್ತಾಳೆ. ಅವಳಿಗೆ ಏನು ಹೇಳುವುದು?

"ಅಜ್ಜ, ಇನ್ನೊಂದು ಸಲ ಕರೀರಿ."

"ಯಾಕೆ, ಇನ್ನೊಂದು ಜೋಕು ಉಳಿದಿದೆಯಾ?"

"ಇಲ್ಲ. ನಂಗೆ ಆಗತ್ತೋ ಇಲ್ವೋ ಗೊತ್ತಿಲ್ಲ. ಆಸೆ ಮಾತ್ರ ಇದೆ."

ಯಾರೂ ನಗಲಿಲ್ಲ. ಬೋರುಖಜ್ಜ ಅವನನ್ನೇ ನೋಡಿದರು.

"ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೇ ದೇವರಿಗೆ ಏನಂತೀಯ?"

"ರಾತ್ರಿ ಒಯ್ದ ಪ್ರಾಣ ವಾಪಸ್ ಕೊಟ್ಟೆ, ನಿನ್ನ ನಂಬಿಕೆ ದೊಡ್ಡದು ಅಂತ."

"ಅವನು ನಂಬಿರೋದು ಯಾರನ್ನ? ನಿನ್ನನ್ನೇ ತಾನೆ? ದಿನಾ ನಂಬಿ ಕೊಡ್ತಾನೆ. ನೀನು ಮಾತ್ರ ನಿನ್ನನ್ನೇ ಹೀಗಳೆದು, ಅವನಿಗೆ ಮನುಷ್ಯರನ್ನ ಅಳೆಯೋಕೆ ಬರಲ್ಲ ಅಂತ ಊರೆಲ್ಲ ಸಾರ್ಕೊಂಡು ತಿರುಗ್ತೀಯ. ಬಾ."

ಯೂನಾತಾನ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಮೊದಲ ಸಾಲುಗಳು ಹೇಗೋ ದಾಟಿದವು. ರಾಗ ಮೇಲೇರುವಲ್ಲಿ ಹಿಜ್ಕಿಯಾನ ದನಿ ಫಟ್ಟನೆ ಒಡೆಯಿತು. ಸತ್ತೆ ಎಂದುಕೊಂಡ. ಮಾನ ಮುಚ್ಚಿಕೊಳ್ಳಲು ನಾಲಿಗೆಯ ತುದಿಗೆ ಒಂದು ತಮಾಷೆಯೂ ಬಂತು.

ಅಷ್ಟರಲ್ಲಿ ಪರದೆಯಾಚೆ ಅಮ್ಮ ಪಕ್ಕದವಳ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದೇನೆಂದುಕೊಂಡು, ಮಂದಿರಕ್ಕೆಲ್ಲ ಕೇಳುವಂತೆ ಹೇಳಿದಳು:

"ಅವರಪ್ಪಂಗೂ ಪ್ರತಿಸಲ ಇಲ್ಲೇ ಒಡೀತಿತ್ತು."

ಹಿಜ್ಕಿಯಾ ತಮಾಷೆಯನ್ನು ನುಂಗಿಕೊಂಡು ಅದೇ ಸಾಲನ್ನು ಮತ್ತೆ ಮೊದಲಿನಿಂದ ಹಿಡಿದ.