ಬೀಳುವ ಕೆಲಸಕ್ಕೆ ಅರ್ಜಿ

ಸ್ಕೇಟಿಂಗಿನಲ್ಲಿ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆದವಳನ್ನು ಊರು ನೆನಪಿಟ್ಟುಕೊಂಡದ್ದು ಬಿದ್ದದ್ದಕ್ಕೆ. ಮೂರೂವರೆ ಸುತ್ತಿನ ನೆಗೆತಕ್ಕೆ ಹನ್ನೊಂದು ಸ್ಪರ್ಧೆಗಳಲ್ಲಿ ಕೈಹಾಕಿ, ಹನ್ನೊಂದರಲ್ಲೂ ಅವಳು ಮಂಜುಗಡ್ಡೆಯ ಮೇಲೆ ಕೂತಿದ್ದಳು. ಪದಕಗಳು ಬಂದದ್ದು ಉಳಿದ ನಿಮಿಷಗಳ ಪುಣ್ಯದಿಂದ. ಕೊನೆಯ ಸಲವಂತೂ ಕೂತಲ್ಲೇ ಜಾರುತ್ತಾ ಹೋಗಿ ತೀರ್ಪುಗಾರರ ಮುಂದಿನ ಅಡ್ಡಗೋಡೆಗೆ ತಾಗಿ ನಿಂತು, ಬೇರೇನೂ ತೋಚದೆ ಅವರಿಗೆ ಕೈಬೀಸಿದ್ದಳು. ಆ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು.

"ನೀವು ಆ ಬಿದ್ದೋರಲ್ವಾ ಮೇಡಂ?" ಎಂದು ಔಷಧಿ ಅಂಗಡಿಯವನು ಕೇಳುತ್ತಿದ್ದ. ಅವಳು ಹೌದೆನ್ನುತ್ತಿದ್ದಳು. ಅಲ್ಲವೆಂದರೆ ಪದಕಗಳ ಕಥೆ ಹೇಳಬೇಕು, ಅದನ್ನು ಯಾರು ನಂಬುತ್ತಾರೆ?

ಮೂವತ್ಮೂರಕ್ಕೆ ನಿವೃತ್ತಿ. ಆಮೇಲೆ ಹತ್ತು ತಿಂಗಳು ಒಂದು ಕಚೇರಿಯ ಸ್ವಾಗತದ ಮೇಜಿನ ಹಿಂದೆ ಕೂತಳು. ಬಂದವರೆಲ್ಲ ಅಂಕ ಕೊಡುವವರೆಂಬಂತೆ ಹಲ್ಲುಕಿರಿದು ಕಿರಿದು ದವಡೆ ನೋಯುತ್ತಿತ್ತು. ಕಾಲು ಮಾತ್ರ ಐಸಿನ ಅಂಗಣಕ್ಕೇ ಹಂಬಲಿಸುತ್ತಿತ್ತು. ಅಷ್ಟರಲ್ಲಿ ಊರೂರು ತಿರುಗುವ ಸ್ಕೇಟಿಂಗ್ ಕಂಪನಿಯ ಯಜಮಾನರಿಂದ ಕರೆ ಬಂತು. ಅವರ ಕೋಡಂಗಿಗೆ ಜೋಡಿ ಬೇಕಂತೆ. ಪ್ರತಿ ಆಟದಲ್ಲೂ ವಿಡಿಯೋದಲ್ಲಿದ್ದ ಹಾಗೆ ಬೀಳಬೇಕಂತೆ. ಅಭಿಮಾನ ಎರಡು ದಿನ ತಡೆಯಿತು. ಮೂರನೆಯ ದಿನ ಅವಳೇ ಫೋನ್ ಮಾಡಿದಳು. ಐಸಿಗೆ ಮರಳಲು ಉಳಿದಿದ್ದ ಬಾಗಿಲು ಅದೊಂದೇ.

"ಬೀಳೋಕೂ ಪರೀಕ್ಷೆ ಇದೆಯಂತಾ?" ಎಂದರು ಅಮ್ಮ. "ನಿನ್ನ ಅನುಭವ ನೋಡಿ ಹಾಗೇ ತಗೋಬೇಕಿತ್ತು."

ಖಾಲಿ ಅಂಗಣದಲ್ಲಿ ಯಜಮಾನರು ಮಫ್ಲರ್ ಸುತ್ತಿಕೊಂಡು ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ದಪ್ಪ ಹೊಟ್ಟೆಯ ಕೋಡಂಗಿ.

"ಹಾರಿ, ಬಿದ್ದು, ಜಾರ್ಕೊಂಡು ನನ್ನ ಹತ್ರ ಬನ್ನಿ. ಅಷ್ಟೇ," ಎಂದರು ಯಜಮಾನರು.

ಅವಳು ಹಾರಿದಳು. ಮೂರೂವರೆ ಸುತ್ತು ಮುಗಿಯಿತು, ಬಲಗಾಲು ಐಸಿಗೆ ತಾಗಿತು, ಅಲ್ಲೇ ನಿಂತಿತು. ಎಣ್ಣೆ ಹೊಯ್ದಂಥ ಇಳಿತ.

"ಇದೇನಮ್ಮಾ?"

"ತಪ್ಪಾಯ್ತು ಸಾರ್. ಇನ್ನೊಂದು ಸಲ."

ಎರಡನೆಯ ಸಲವೂ ನಿಂತಳು. ಇಬ್ಬರು ತರಬೇತುದಾರರು, ಒಬ್ಬ ಮನೋವೈದ್ಯರು, ಅಮ್ಮನ ಹರಕೆ ಇವೆಲ್ಲ ಸೇರಿ ಹತ್ತು ವರ್ಷದಲ್ಲಿ ತರಲಾರದ್ದು ಈಗ ಕರೆಯದೆ ಬಂದು ಕೂತಿತ್ತು. ಮೂರನೆಯ ಸಲ ಹಲ್ಲುಕಚ್ಚಿ, ಬಿದ್ದೇ ತೀರುತ್ತೇನೆಂದು ಹಾರಿದಳು. ಆದರೂ ನಿಂತು, ಆಮೇಲೆ ಗಾಬರಿಯಾಗಿ, ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ ನಾಜೂಕಾಗಿ ಕೂತಳು.

"ಬೀಳೋಕೂ ಬರಲ್ಲ ಅಂದ್ರೆ ನಿಮ್ಮನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದು ಯಜಮಾನರು ಎದ್ದರು.

ಅವಳಿಗೆ ಅಳು ಬಂತು. ಬೀಳುವುದರಲ್ಲೂ ನಪಾಸಾದ ಚಾಂಪಿಯನ್ ಪ್ರಪಂಚದಲ್ಲಿ ಇನ್ನೊಬ್ಬಳಿರಲಾರಳು ಎಂದುಕೊಂಡಳು; ಆ ದಾಖಲೆಯಾದರೂ ತನ್ನದಾಯಿತಲ್ಲ.

ಕೋಡಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಕೂತ್ಕೊಳ್ಳಿ ಯಜಮಾನ್ರೇ, ಆ ಮುಖ ನೋಡಿ! ನೆಟ್ಟಗೆ ನಿಂತು ಇಷ್ಟು ಪೆಚ್ಚಾದೋರನ್ನ ಎಲ್ಲಾದ್ರೂ ಕಂಡಿದೀರಾ? ಬೀಳೋದು ನನಗೆ ಬಿಡಿ. ಅಕ್ಕ ಹಾರಿ ನಿಲ್ಲಲಿ, ಪ್ರತಿ ಸಲ ಹೀಗೇ ಬೆಚ್ಚಿಬೀಳ್ಲಿ. ಎಲ್ಲಿ ಅಕ್ಕಾ, ಹಾರಿ!"

ಅವಳು ಹಾರಿದಳು, ನಿಂತಳು, ತನ್ನ ಕಾಲನ್ನೇ ಅನುಮಾನದಿಂದ ನೋಡಿದಳು. ಅವಳನ್ನು ಅನುಕರಿಸಲು ಹೋದ ಕೋಡಂಗಿ ಮೂಟೆಯಂತೆ ಉರುಳಿ ಯಜಮಾನರ ಕುರ್ಚಿಯ ತನಕ ಹೋದ. ಯಜಮಾನರು ನಕ್ಕು ನಕ್ಕು ಮಫ್ಲರಿನಿಂದ ಕಣ್ಣೊರೆಸಿಕೊಂಡರು.

ಮನೆಯಲ್ಲಿ ಅಮ್ಮ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. "ಸಿಕ್ತಾ?"

"ಸಿಕ್ತು."

"ಚೆನ್ನಾಗಿ ಬಿದ್ದೆ ತಾನೆ?"

"ಇಲ್ಲಮ್ಮ. ಬೀಳದೇ ಇರೋದೇ ನನ್ನ ಕೆಲಸ."

ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದರು.

"ಅಷ್ಟು ವರ್ಷ ನಾವೆಲ್ಲ ನಿನ್ನ ಕೇಳಿಕೊಂಡಿದ್ದು ಇನ್ನೇನನ್ನೇ ಮಾರಾಯ್ತಿ?"