ಸೇತುವೆ ಮೇಲಿನ ಬೂದು ಡಬ್ಬ

ಆಟ ಆಡುವವರಿಗೆ ಮುಂದೆ ಏನು ಬರಲಿದೆ ಎಂದು ತಿಳಿಸುವುದು ಸುಲಭದ ಕೆಲಸ ಎನ್ನುವವರು ಒಂದು ವಾರ ಪತ್ರದಕ್ಕನ ಕುರ್ಚಿಯಲ್ಲಿ ಕೂತು ನೋಡಲಿ, ಗೊತ್ತಾಗುತ್ತದೆ. ಮೂರು ಕೋಣೆಯ ಆ ಕಚೇರಿಯಲ್ಲಿ ಏಳು ಜನ ಸೇರಿ ಒಂದೇ ಒಂದು ಆಟ ಮಾಡಿದ್ದರು. ಮೊಬೈಲಿನಲ್ಲಿ ಹೊಲ ಮಾಡುವ ಆಟ: ಬಿತ್ತು, ಬೆಳೆ, ಮೇಕೆ ಸಾಕು, ಪಕ್ಕದವರ ತೋಟ ನೋಡಿ ಹೊಟ್ಟೆ ಉರಿದುಕೋ. ಮೂವತ್ತು ಸಾವಿರ ಜನ ಆಡುತ್ತಿದ್ದರು. ಪ್ರತಿ ಶುಕ್ರವಾರ ಅವರಿಗೆ ‘ಮುಂದೇನು’ ಎಂಬ ಪತ್ರ ಬರೆಯುವವಳು ಈಕೆ, ಅದಕ್ಕೇ ಕಚೇರಿಗೆಲ್ಲ ಪತ್ರದಕ್ಕ.

ಅವಳ ಮೇಜಿನ ಎದುರಿನ ಗೋಡೆಯಲ್ಲಿ ಒಂದು ಚೀಟಿ: ‘ಚಿತ್ರದಲ್ಲಿ ತೋರಿಸಿದ್ದು ಆಟದಲ್ಲಿ ಇರಲೇಬೇಕು.’ ಅವಳೇ ಬರೆದು ಅಂಟಿಸಿದ್ದು, ಆಟಗಾರರಿಗೂ ಹಾಗೆಂದು ಮಾತು ಕೊಟ್ಟದ್ದು. ಇದಕ್ಕೆಲ್ಲ ಕಾರಣ ಕುದುರೆ. ಎರಡು ವರ್ಷದ ಹಿಂದೆ ಒಂದು ಕಂದು ಕುದುರೆಯ ಚಿತ್ರ ಹಾಕಿ ‘ಶೀಘ್ರದಲ್ಲೇ’ ಎಂದು ಬರೆದಿದ್ದಳು. ಆ ಕುದುರೆಯನ್ನು ಓಡಿಸಲು ಇಂಜಿನಿಯರ್ ಕೈಲಿ ಆಗಲೇ ಇಲ್ಲ. ಓಡು ಎಂದರೆ ಹಿಮ್ಮುಖವಾಗಿ ಹೋಗಿ ಕೆರೆಗೆ ಬೀಳುತ್ತಿತ್ತು. ಈಗಲೂ ಜನ ವರ್ಷಕ್ಕೊಮ್ಮೆ ಆ ಕುದುರೆಯ ಹುಟ್ಟುಹಬ್ಬ ಆಚರಿಸಿ ಇವಳ ಮಾನ ಹರಾಜು ಹಾಕುತ್ತಿದ್ದರು. ಕುದುರೆಯ ವಿಷಯದಲ್ಲಿ ಮಾತ್ರ ತುಟಿ ಪಿಟಿಕ್ ಎನ್ನಬಾರದೆಂದು ಕಂಪನಿ ಯಜಮಾನರ ಅಪ್ಪಣೆ.

ಈ ಸಲದ ಸುದ್ದಿ ಸೇತುವೆ. ಹೊಳೆಯ ಆಚೆ ದಂಡೆಗೆ ಹೋಗುವ ಸೇತುವೆ ನಿಜವಾಗಿಯೂ ಸಿದ್ಧವಾಗಿತ್ತು. ಪತ್ರದಕ್ಕ ಹೆಮ್ಮೆಯಿಂದ ಚಿತ್ರ ಹಾಕಿ ಪತ್ರ ಕಳಿಸಿದಳು. ಅರ್ಧ ಗಂಟೆಯಲ್ಲಿ ಮುನ್ನೂರು ಉತ್ತರ ಬಂದವು. ಒಂದರಲ್ಲಾದರೂ ಸೇತುವೆಯ ಮಾತಿದ್ದರೆ ಕೇಳಿ! ಎಲ್ಲರದೂ ಒಂದೇ ಪ್ರಶ್ನೆ: ಸೇತುವೆಯ ಆ ತುದಿಯಲ್ಲಿ ಇರುವ ಬೂದು ಡಬ್ಬ ಏನು?

ಯಾವ ಡಬ್ಬವಪ್ಪಾ ಎಂದು ಚಿತ್ರ ಹಿಗ್ಗಿಸಿ ನೋಡಿದರೆ, ಇದೆ. ಇಂಜಿನಿಯರ್ ಇಣುಕಿ ನೋಡಿ ನಾಲಿಗೆ ಕಚ್ಚಿಕೊಂಡ.

“ಅದು ಅಳತೆ ಡಬ್ಬ ಅಕ್ಕ. ಸೇತುವೆ ಮೇಲೆ ಗಾಡಿ ಹಿಡಿಸುತ್ತಾ ಅಂತ ನೋಡೋಕೆ ಇಟ್ಟಿದ್ದೆ. ತೆಗೆಯೋಕೆ ಮರೆತೋಯ್ತು.”

“ಒಳಗೇನಿದೆ?”

“ಅದಕ್ಕೆ ಒಳಗೇ ಇಲ್ಲ ಅಕ್ಕ. ಬರೀ ಹೊರಗಿದೆ.”

ಯಜಮಾನರಿಗೆ ಮಾತ್ರ ಖುಷಿಯೋ ಖುಷಿ. “ಆರು ತಿಂಗಳಿಂದ ಇಷ್ಟು ಜನ ಬಾಯಿ ಬಿಟ್ಟಿರಲಿಲ್ಲ! ಮುಂದಿನ ಪತ್ರದಲ್ಲಿ ‘ಕಾದು ನೋಡಿ’ ಅಂತ ಬರೀರಿ, ಸಾಕು. ಸಸ್ಪೆನ್ಸ್ ಇರಲಿ.”

“ಕುದುರೆಗೂ ಹೀಗೇ ಅಂದಿದ್ರಿ ಸರ್.”

“ಕುದುರೆ ವಿಷ್ಯ ಎತ್ತಬೇಡಿ ಅಂದಿಲ್ವಾ?” ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಚೇರಿಯ ಕಾಟ ಕಚೇರಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನೆಯಲ್ಲಿ ಅತ್ತೆ ಇದ್ದರು. ಮೂವತ್ತು ವರ್ಷ ಬಟ್ಟೆ ಹೊಲಿದು ನಿವೃತ್ತರಾದ ಹೆಂಗಸು. ಸೊಸೆ ಅದೇನು ಮಾಡುತ್ತಾಳೋ ನೋಡೋಣ ಎಂದು ಆಟ ಶುರುಮಾಡಿದವರು, ಮೂರು ವರ್ಷದಲ್ಲಿ ಅಲ್ಲಿ ‘ಕುಂಬಳಮ್ಮ’ ಎಂದು ಹೆಸರು ಮಾಡಿದ್ದರು. ಅವರಷ್ಟು ದೊಡ್ಡ ಕುಂಬಳಕಾಯಿ ಬೆಳೆದವರು ಇನ್ನೊಬ್ಬರಿಲ್ಲ. ಹೊಸಬರು ಏನೇ ಮಾಡುವ ಮೊದಲು ಕುಂಬಳಮ್ಮನನ್ನು ಕೇಳುತ್ತಿದ್ದರು. ಪತ್ರ ಬರೆಯುವವಳು ಅವರ ಸೊಸೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಬಂದರೆ, ಅತ್ತೆ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ತರಕಾರಿ ಹೆಚ್ಚುತ್ತಿದ್ದರು.

“ಕುಂಬಳದ ತೋಟ ಅರ್ಧ ಕಿತ್ತುಹಾಕ್ದೆ ಕಣೇ,” ಎಂದರು.

“ಅಯ್ಯೋ, ಯಾಕತ್ತೆ?”

“ಮೇಕೆ ತಂದೆ. ನಲವತ್ತು. ಆ ಡಬ್ಬ ಮೇಕೆ ದೊಡ್ಡಿ ಅಲ್ವಾ? ಬಾಗಿಲು ಆ ಕಡೆ ಇರುತ್ತೆ, ಅದಕ್ಕೇ ಚಿತ್ರದಲ್ಲಿ ಕಾಣಲ್ಲ. ಎಲ್ಲರಿಗೂ ಹೇಳಿದೀನಿ, ಮೊದಲೇ ಮೇಕೆ ತಂದಿಟ್ಕೊಳ್ಳಿ ಅಂತ. ಕೆಲವರು ಅನುಮಾನ ಪಟ್ಟರು. ಕುದುರೆ ಆದ್ಮೇಲೆ ಆ ಪತ್ರದವಳು ಒಂದೂ ಸುಳ್ಳು ತೋರಿಸಿಲ್ಲ, ನಾನು ಜಾಮೀನು ಅಂದೆ.”

ಪತ್ರದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿಜ ಹೇಳಿದರೆ ಮೂವತ್ತು ಸಾವಿರ ಜನರ ಮುಂದೆ ಅತ್ತೆಯ ಮುಖಕ್ಕೆ ಮಸಿ. ‘ಕಾದು ನೋಡಿ’ ಎಂದರೆ ಕಾದು ಕಾದು ಮೇಕೆಗಳು ಉಳಿದರ್ಧ ತೋಟವನ್ನೂ ಮುಗಿಸುತ್ತವೆ. ಶುಕ್ರವಾರದವರೆಗೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಇಷ್ಟು ವರ್ಷದಲ್ಲಿ ಅತ್ತೆ ಒಂದು ದಿನವೂ ‘ಒಳಗಿನ ಸುದ್ದಿ ಏನು’ ಎಂದು ಕೇಳಿರಲಿಲ್ಲ. ಎಲ್ಲರಂತೆ ಪತ್ರ ಓದಿ, ಎಲ್ಲರಂತೆ ನಂಬಿದ್ದರು. ಅದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

“ಅತ್ತೆ, ಅದು ದೊಡ್ಡಿ ಅಲ್ಲ. ಏನೂ ಅಲ್ಲ. ಇಂಜಿನಿಯರ್ ಮರೆತು ಬಿಟ್ಟಿದ್ದು.”

ಅತ್ತೆ ಚಾಕು ಕೆಳಗಿಟ್ಟರು. ಫೋನಿನಲ್ಲಿ ಒಂದು ಮೇಕೆ ಮ್ಯಾ ಎಂದು ಇನ್ನೊಂದು ಬಳ್ಳಿಗೆ ಬಾಯಿ ಹಾಕಿತು.

“ನಲವತ್ತು ಮೇಕೆ,” ಎಂದರು. ಫೋನನ್ನು ಮಗುಚಿಟ್ಟು, “ಚಿತ್ರದಲ್ಲಿ ತೋರಿಸಿದ್ದು ಆಟದಲ್ಲಿ ಇರುತ್ತೆ ಅಂತ ಮಾತು ಕೊಟ್ಟಿದೀಯಲ್ಲ?”

“ಹೂಂ.”

“ಹಾಗಾದ್ರೆ ಡಬ್ಬ ಇಡು. ಏನೂ ಅಲ್ಲ ಅಂತ ಬರೆದೇ ಇಡು. ನನ್ನ ಮಾನ ನಾನು ನೋಡ್ಕೋತೀನಿ.”

ಸೋಮವಾರ ಯಜಮಾನರು ಕೆಂಡಾಮಂಡಲವಾದರು. “ಏನೂ ಅಲ್ಲ ಅಂತ ಬರೆದ್ರೆ ಯಾರು ಓದ್ತಾರ್ರೀ?” ಎಂದು ಕೂಗಾಡಿದರು. ಪತ್ರದಕ್ಕ ಗೋಡೆಯ ಚೀಟಿ ತೋರಿಸಿ, “ನೀವೇ ಕಿತ್ತುಹಾಕಿ ಸರ್, ಆಮೇಲೆ ನೀವು ಹೇಳಿದ್ದು ಬರೀತೀನಿ,” ಎಂದಳು. ಅವರು ಚೀಟಿಯ ಹತ್ತಿರ ಹೋದರು, ಒಂದು ಮೂಲೆ ಹಿಡಿದರು, ಇಂಜಿನಿಯರ್ ನೋಡುತ್ತಿದ್ದದ್ದು ಕಂಡು ಮೂಲೆಯನ್ನು ಒತ್ತಿ ಸರಿಯಾಗಿ ಅಂಟಿಸಿ ಬಂದರು.

ಶುಕ್ರವಾರ ಪತ್ರ ಹೋಯಿತು: ‘ಆ ಡಬ್ಬ ನಮ್ಮ ಮರೆವು. ಅದು ತೆರೆಯುವುದಿಲ್ಲ, ಒಳಗೆ ಏನೂ ಇಲ್ಲ, ಯಾವ ಕೆಲಸಕ್ಕೂ ಬಾರದು. ತೋರಿಸಿಬಿಟ್ಟಿದ್ದೇವೆ, ಹಾಗಾಗಿ ಸೇತುವೆಯ ಜೊತೆ ಬರುತ್ತದೆ.’

ಕೆಳಗೆ ಮೊದಲ ಉತ್ತರ ಕುಂಬಳಮ್ಮನದೇ: ‘ಮೇಕೆ ತನ್ನಿ ಅಂದವಳು ನಾನು. ಬೈಯುವವರು ನನ್ನನ್ನು ಬೈಯಿರಿ, ಪತ್ರದವಳನ್ನಲ್ಲ.’ ಓದಿ ಪತ್ರದಕ್ಕನ ಕಣ್ಣು ತುಂಬಿತು. ಬೈಯುವವರೇನು ಕಡಿಮೆಯೇ? ನಾಲ್ಕು ದಿನ ಗೋಳು ಹೊಯ್ದುಕೊಂಡರು.

ಬುಧವಾರ ಸೇತುವೆ ತೆರೆಯಿತು. ಎತ್ತರದ್ದೇನು ಕಂಡರೂ ಹತ್ತಬೇಕು ಎಂದು ಇಂಜಿನಿಯರ್ ಯಾವಾಗಲೋ ಮೇಕೆಗಳಿಗೆ ಕಲಿಸಿದ್ದ. ಆದರೆ ಇಡೀ ಆಟದಲ್ಲಿ ಹತ್ತುವಂಥ ಎತ್ತರದ್ದು ಒಂದೂ ಇರಲಿಲ್ಲ. ಈಗ ಡಬ್ಬ ಬಂತು. ಅತ್ತೆಯ ನಲವತ್ತು ಮೇಕೆಗಳೂ ತೋಟ ಬಿಟ್ಟು ಸಾಲಾಗಿ ಸೇತುವೆ ದಾಟಿ ಡಬ್ಬ ಹತ್ತಿ ನಿಂತವು. ಉಳಿದವರ ಮೇಕೆಗಳೆಲ್ಲ ಹಿಂದೆಯೇ ಹೋದವು. ಮಧ್ಯಾಹ್ನದ ಹೊತ್ತಿಗೆ ಡಬ್ಬ ಕಾಣಿಸುತ್ತಲೇ ಇರಲಿಲ್ಲ, ಬರೀ ಮೇಕೆಯ ಗುಡ್ಡ. ಎಲ್ಲರ ಬೆಳೆ ಉಳಿಯಿತು. ಯಜಮಾನರು ಇದು ತಮ್ಮದೇ ಯೋಜನೆ ಎಂದು ಓಡಾಡಿದರು. ಕುಂಬಳಮ್ಮ ಒಂದೇ ಸಾಲು ಬರೆದರು: ‘ಡಬ್ಬ ಮೇಕೆಗೇ ಅಂದಿದ್ದೆ.’

ಸಂಜೆ ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅತ್ತೆ ಕಣ್ಣೊರೆಸಿಕೊಂಡು ಕೇಳಿದರು:

“ಅದಿರಲಿ, ಆ ಕುದುರೆ ಯಾವಾಗ ಬರುತ್ತೆ?”

ಶೀಘ್ರದಲ್ಲೇ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಪತ್ರದಕ್ಕ ಅದನ್ನು ನುಂಗಿಕೊಂಡಳು.

“ಬರಲ್ಲ ಅತ್ತೆ. ಯಾವತ್ತೂ ಬರಲ್ಲ.”

ಅತ್ತೆ ಫೋನ್ ತೆಗೆದು ತಮ್ಮ ಹೊಲದ ಹಿಂದಿನ ಮೂಲೆ ತೋರಿಸಿದರು. ಅಲ್ಲಿ ನೀಲಿ ಬಣ್ಣ ಬಳಿದ ಪುಟ್ಟದೊಂದು ಲಾಯ, ಒಳಗೆ ಹಸಿರು ಹುಲ್ಲು.

“ಎರಡು ವರ್ಷದಿಂದ ದಿನಾ ಹುಲ್ಲು ಬದಲಾಯಿಸ್ತಿದ್ದೆ,” ಎಂದರು. “ನಾಳೆಯಿಂದ ಬಿಡ್ತೀನಿ. ಈ ಶುಕ್ರವಾರ ಬೇರೆಯವರಿಗೂ ಹೇಳಿಬಿಡೇ. ಪಾಪ, ಅವರೂ ಹಾಕ್ತಾ ಇರ್ತಾರೆ.”